ಹಲ್ಲಿಗೆ ಗಾಳಿ ಹೊಡೆಸಿದರೆ



ಹಲ್ಲಿನ ಆಸ್ಪತ್ರೆಗೆ ಬರುವವರು ಈಗೀಗ ಯಾವ ಮಿಷನ್ ಬೇಕು ಎನ್ನುವುದನ್ನೂ ತಾವೇ ತೀರ್ಮಾನ ಮಾಡಿಕೊಂಡು ಬರುತ್ತಾರೆ. “ಆ ಕರಕರ ಅನ್ನೋ ಮಿಷನ್ ಬ್ಯಾಡ ಸಾರ್, ಗಾಳಿ ಹೊಡೆಯೋದು ಐತಂತಲ್ಲ, ಅದ್ರಲ್ಲೇ ಕ್ಲೀನ್ ಮಾಡಿ” ಅನ್ನುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನೋ ಮಗಳೋ ಹೇಳಿ ಕಳಿಸಿರುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ವಿಡಿಯೊ ನೋಡಿರುತ್ತಾರೆ. ಹಳದಿಗಟ್ಟಿದ ಹಲ್ಲಿನ ಮೇಲೆ ಸಣ್ಣದೊಂದು ನಳಿಗೆ ಹಾಯುತ್ತದೆ, ಬಿಳಿ ತುಂತುರು ಏಳುತ್ತದೆ, ನಳಿಗೆ ಹೋದ ದಾರಿಯಲ್ಲೆಲ್ಲ ಹಲ್ಲು ಬೆಳ್ಳಗಾಗುತ್ತಾ ಹೋಗುತ್ತದೆ. ಯಾರಿಗಾದರೂ ಆಸೆ ಹುಟ್ಟುವಂಥದ್ದೇ. ವಿಡಿಯೊ ಸುಳ್ಳೂ ಅಲ್ಲ. ಕಷ್ಟ ಏನೆಂದರೆ ಆ ವಿಡಿಯೊದಲ್ಲಿರುವವನು ಹಿರಿಯೂರಿನ ಬೋರ್‌ವೆಲ್ ನೀರು ಕುಡಿದು ಬೆಳೆದವನಲ್ಲ, ಭೀಮಸಮುದ್ರದ ಅಡಿಕೆ ಅಗಿದವನೂ ಅಲ್ಲ. ನಮ್ಮ ಕಡೆಯ ಹಲ್ಲಿನ ಮೇಲೆ ಕೂತಿರುವ ಬಣ್ಣಗಳೆಲ್ಲ ಒಂದೇ ಜಾತಿಯವಲ್ಲ. ಗಾಳಿಗೆ ಹೋಗುವುದು ಯಾವುದು, ಹೋಗದೆ ಉಳಿಯುವುದು ಯಾವುದು ಅನ್ನುವುದನ್ನು ಈ ಹೊತ್ತು ಹೇಳಲು ನೋಡುತ್ತೇನೆ.

ಈ ವಿಧಾನಕ್ಕೆ ಏರ್ ಪಾಲಿಶಿಂಗ್ ಎನ್ನುತ್ತಾರೆ. ಕಂಪ್ರೆಸರಿನಿಂದ ಬರುವ ಒತ್ತಡದ ಗಾಳಿ, ನೀರು, ಜೊತೆಗೆ ಹಿಟ್ಟಿನಷ್ಟು ನುಣುಪಾದ ಪುಡಿ, ಈ ಮೂರೂ ನಳಿಗೆಯ ತುದಿಯಲ್ಲಿ ಸೇರಿ ಹಲ್ಲಿನ ಮೇಲೆ ರಭಸವಾಗಿ ಬೀಳುತ್ತವೆ. ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ: ಹೊಟ್ಟು ಗಾಳಿಗೆ ಹಾರಿಹೋಗುತ್ತದೆ, ಕಾಳಿನ ಜೊತೆ ಬಂದ ಕಲ್ಲು ಹಾರುವುದಿಲ್ಲ. ಯಂತ್ರದ ಶಕ್ತಿಯೂ ಅಷ್ಟೇ, ಮಿತಿಯೂ ಅಷ್ಟೇ.

ಇದರ ಹಿರಿಯ ಸಂಬಂಧಿಯೊಂದು ಇನ್ನೂ ಒರಟಾಗಿತ್ತು. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಬ್ಲ್ಯಾಕ್ ಎಂಬ ದಂತವೈದ್ಯರು ಅಲ್ಯುಮಿನಿಯಂ ಆಕ್ಸೈಡ್ ಪುಡಿಯನ್ನು ಗಾಳಿಯಲ್ಲಿ ಹೊಡೆದು ಹುಳುಕು ಹಲ್ಲನ್ನು ಕೊರೆಯುವ ಯಂತ್ರ ಮಾಡಿದರು. ಅದು ಹಲ್ಲನ್ನೇ ತಿನ್ನುವಂಥದ್ದು. 1970ರ ದಶಕದ ಕೊನೆಯ ಹೊತ್ತಿಗೆ ಅದೇ ಉಪಾಯಕ್ಕೆ ಮೆತ್ತನೆಯ ಪುಡಿ ಹಾಕಿ, ಹಲ್ಲನ್ನು ಬಿಟ್ಟು ಅದರ ಮೇಲಿನ ಕೊಳೆಯನ್ನಷ್ಟೇ ತೆಗೆಯುವ ಯಂತ್ರಗಳು ಬಂದವು. ಆ ಮೆತ್ತನೆಯ ಪುಡಿ ಯಾವುದು ಗೊತ್ತೇ? ನಮ್ಮ ಅಡುಗೆ ಮನೆಯ ಸೋಡಾ, ಸೋಡಿಯಂ ಬೈಕಾರ್ಬೊನೇಟ್. ಬಾಯೆಲ್ಲ ಉಪ್ಪುಪ್ಪಾಗುತ್ತದೆ ಅನ್ನುವುದು ಬಿಟ್ಟರೆ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸೋಡಾಕ್ಕೆ ಸುಮಾರು 2.5, ಹಲ್ಲಿನ ಹೊರಕವಚವಾದ ಎನಾಮಲ್‌ಗೆ 5. ಹಾಗಾಗಿ ಗಟ್ಟಿ ಎನಾಮಲ್ ಮೇಲೆ ಸೋಡಾ ಗೀರು ಹಾಕುವುದಿಲ್ಲ. ಆದರೆ ವಸಡು ಇಳಿದು ಬೇರು ಹೊರಗೆ ಕಾಣುತ್ತಿದ್ದರೆ ಅಲ್ಲಿರುವುದು ಎನಾಮಲ್ ಅಲ್ಲ, ಅದಕ್ಕಿಂತ ಮೆತ್ತಗಿನ ಪದರ. ಅಲ್ಲಿ ಸೋಡಾ ಹೊಡೆದರೆ ಬೇರು ಸವೆಯುತ್ತದೆ. ಈ ಕಾರಣಕ್ಕೆ ಆಮೇಲೆ ಗ್ಲೈಸಿನ್ ಎಂಬ ಅಮೈನೊ ಆಮ್ಲದ ಪುಡಿ ಬಂತು, ಅದರ ಹಿಂದೆ ಎರಿತ್ರಿಟಾಲ್ ಎಂಬ ಸಿಹಿ ಪುಡಿ ಬಂತು. ಗ್ಲೈಸಿನ್ ಕಣ ಸುಮಾರು 25 ಮೈಕ್ರಾನ್, ಎರಿತ್ರಿಟಾಲ್ ಕಣ ಸುಮಾರು 14 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇವೆರಡನ್ನೂ ಬೇರಿನ ಮೇಲೆ, ವಸಡಿನ ಅಂಚಿನ ಕೆಳಗೂ ಬಳಸಬಹುದು. ಬೆಲೆ ಮಾತ್ರ ಸೋಡಾದ ಹಾಗಲ್ಲ.

ಈಗ ಪಾಚಿಯ ವಿಷಯಕ್ಕೆ ಬರೋಣ. ಹಲ್ಲುಜ್ಜದೆ ಒಂದು ದಿನ ಕಳೆದು ನಾಲಗೆ ಆಡಿಸಿದರೆ ಹಲ್ಲಿನ ಮೇಲೆ ಜಿಡ್ಡಿನಂಥದ್ದು ತಾಕುತ್ತದಲ್ಲ, ಅದೇ ಪಾಚಿ. ಉಳಿದ ಅನ್ನ, ರೊಟ್ಟಿಯ ಚೂರು ಅದು ಎಂದು ಅನೇಕರು ತಿಳಿದಿದ್ದಾರೆ. ಅದು ಆಹಾರವಲ್ಲ, ಜೀವಾಣುಗಳ ಒಂದು ವಸಾಹತು. ಒಂದು ಮಿಲಿಗ್ರಾಂ ಪಾಚಿಯಲ್ಲಿ ಕೋಟಿಗಟ್ಟಲೆ ಜೀವಾಣುಗಳಿರುತ್ತವೆ. ತಮಗೆ ತಾವೇ ಅಂಟಿನ ಹೊದಿಕೆ ಹೆಣೆದುಕೊಂಡು ಅದರೊಳಗೆ ಬದುಕುತ್ತವೆ. ಬರೀ ನೀರು ಮುಕ್ಕಳಿಸಿದರೆ ಅದು ಹೋಗದಿರುವುದು ಈ ಅಂಟಿನಿಂದಲೇ. ಇದನ್ನು ಮೊದಲು ಕಣ್ಣಾರೆ ಕಂಡವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ತನ್ನ ಹಲ್ಲಿನ ಬಿಳಿ ಲೋಳೆ ಇಟ್ಟು ನೋಡಿದ; ಅದರಲ್ಲಿ ಓಡಾಡುವ ಪುಟ್ಟ ಜೀವಿಗಳನ್ನು ಕಂಡು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಆ ಪತ್ರದ ಒಂದು ವಿವರ ನನಗೆ ಬಹಳ ಇಷ್ಟ. ಆತ ಕೊಳಕನಲ್ಲ. ದಿನಾ ಬೆಳಿಗ್ಗೆ ಉಪ್ಪು ಹಾಕಿ ಹಲ್ಲು ತಿಕ್ಕುತ್ತಿದ್ದ, ಬಟ್ಟೆಯಿಂದ ಒರೆಸುತ್ತಿದ್ದ. ಆದರೂ ಹಲ್ಲಿನ ಸಂದಿಯಲ್ಲಿ ಲೋಳೆ ಉಳಿದೇ ಇತ್ತು. ಇಂದಿಗೂ ನಾವು ನೋಡುವ ಬಾಯಿಗಳ ಕಥೆ ಅದೇ: ಮುಂದೆ ಫಳಫಳ, ಸಂದಿಯಲ್ಲಿ ಪಾಚಿ.

ಪಾಚಿ ಇದ್ದರೆ ಏನಾಗುತ್ತದೆ ಅನ್ನುವುದನ್ನು 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ಊರಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಬಹಳ ಸರಳವಾಗಿ ತೋರಿಸಿಕೊಟ್ಟರು. ಆರೋಗ್ಯವಾಗಿದ್ದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿ ಎಂದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಕೆಂಪೇರಿ ಊದಿತು. ಮತ್ತೆ ಉಜ್ಜಲು ಶುರುಮಾಡಿಸಿದಾಗ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಮದ್ದಿಲ್ಲ, ಮಾತ್ರೆಯಿಲ್ಲ. ವಸಡಿನಲ್ಲಿ ರಕ್ತ ಬರುತ್ತದೆ ಎಂದು ಅಲ್ಲಿ ಬ್ರಷ್ ತಾಕಿಸುವುದನ್ನೇ ಬಿಡುವವರು ನಮ್ಮಲ್ಲಿ ಬಹಳ. ಅವರು ಮಾಡುತ್ತಿರುವುದು ತೀರಾ ತಿರುಗಾಮುರುಗಾ.

ಹಾಗಾದರೆ ಗಾಳಿಯ ಯಂತ್ರ ಈ ಮೆತ್ತನೆಯ ಪಾಚಿಯನ್ನು ಎಷ್ಟು ಚೆನ್ನಾಗಿ ತೆಗೆಯುತ್ತದೆ? ಬಹಳ ಚೆನ್ನಾಗಿ ತೆಗೆಯುತ್ತದೆ. ಪಾಚಿಗೆ ಬಣ್ಣ ಹಿಡಿಯುವ ದ್ರವ ಹಚ್ಚಿ, ಗಾಳಿ ಹೊಡೆದು, ಮತ್ತೆ ಬಣ್ಣ ಹಚ್ಚಿ ನೋಡಿದರೆ ನಯವಾದ ಮೈಯಲ್ಲಿ ಗುಲಾಬಿ ಬಣ್ಣ ಹೆಚ್ಚುಕಡಿಮೆ ಉಳಿದೇ ಇರುವುದಿಲ್ಲ. ಆದರೆ ಹಳೆಯ ಪದ್ಧತಿಯಾದ ರಬ್ಬರ್ ಕಪ್ ಮತ್ತು ಪೇಸ್ಟಿನಲ್ಲಿ ತಿಕ್ಕಿದರೂ ಆ ನಯವಾದ ಮೈಯಲ್ಲಿ ಪಾಚಿ ಅಷ್ಟೇ ಹೋಗುತ್ತದೆ. 1980ರ ದಶಕದಿಂದ ಎರಡನ್ನೂ ಹೋಲಿಸಿ ನೋಡುತ್ತಲೇ ಬಂದಿದ್ದಾರೆ. ಪಾಚಿಯ ಮಟ್ಟಿಗೆ ಸಮಸಮ, ಕಲೆಯ ಮಟ್ಟಿಗೆ ಗಾಳಿ ಬೇಗ. ಗಾಳಿ ನಿಜವಾಗಿ ಗೆಲ್ಲುವುದು ರಬ್ಬರ್ ಕಪ್ ಹೋಗಲಾರದ ಜಾಗಗಳಲ್ಲಿ: ದವಡೆ ಹಲ್ಲಿನ ಮೇಲಿನ ಸಣ್ಣ ಬಿರುಕುಗಳಲ್ಲಿ, ಒಂದರ ಮೇಲೊಂದು ಏರಿ ಕೂತ ಹಲ್ಲುಗಳಲ್ಲಿ, ಕ್ಲಿಪ್ ಹಾಕಿಸಿಕೊಂಡ ಮಕ್ಕಳ ತಂತಿಯ ಸುತ್ತ, ಇಂಪ್ಲಾಂಟ್ ಹಾಕಿಸಿಕೊಂಡವರ ಸ್ಕ್ರೂವಿನ ಅಂಚಿನಲ್ಲಿ. ಕ್ಲಿಪ್ ಹಾಕಿದ ಹುಡುಗ ಹುಡುಗಿಯರಿಗೆ ಇದು ವರವೆಂದೇ ನನ್ನ ಅಭಿಪ್ರಾಯ. ಹಲ್ಲಿನಿಂದ ಹಲ್ಲಿಗೆ ತೀರಾ ಒತ್ತಿಕೊಂಡ ಸಂದಿಯಲ್ಲಿ ಮಾತ್ರ ಗಾಳಿಯೂ ಪೂರ್ತಿ ನುಗ್ಗುವುದಿಲ್ಲ. ಅಲ್ಲಿಗೆ ದಾರವೋ ಸಂದಿಯ ಸಣ್ಣ ಬ್ರಷ್ಷೋ ಬೇಕೇ ಬೇಕು.

ಯಂತ್ರ ಒಳ್ಳೆಯದಾದರೆ ಸಾಲದು, ಹಿಡಿಯುವ ಕೈಯೂ ಪಳಗಿರಬೇಕು. ನಳಿಗೆಯ ತುದಿ ಹಲ್ಲಿನಿಂದ ನಾಲ್ಕೈದು ಮಿಲಿಮೀಟರ್ ದೂರದಲ್ಲಿರಬೇಕು, ಒಂದೇ ಕಡೆ ನಿಲ್ಲಬಾರದು, ಸದಾ ಆಡುತ್ತಿರಬೇಕು, ಮುಖ ವಸಡಿನ ಕಡೆಗೆ ತಿರುಗಬಾರದು. ವಸಡಿನ ಒಳಗೆ ನೇರ ಗಾಳಿ ನುಗ್ಗಿದರೆ, ಅಪರೂಪಕ್ಕಾದರೂ, ಚರ್ಮದಡಿ ಗಾಳಿ ತುಂಬಿ ಕೆನ್ನೆ ಊದುವುದುಂಟು. ಕಂಪ್ರೆಸರಿನ ಗಾಳಿಯಲ್ಲಿ ತೇವ ಇದ್ದರೆ ಪುಡಿ ಗಂಟುಕಟ್ಟಿ ನಳಿಗೆ ಮುಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಈ ಯಂತ್ರ ಇಟ್ಟುಕೊಂಡವರೆಲ್ಲ ಬೈದುಕೊಳ್ಳುವುದು ಈ ಕಾರಣಕ್ಕೆ. ಮಳೆ ಕಡಿಮೆಯಾದ ನಮ್ಮ ಚಿತ್ರದುರ್ಗ ಜಿಲ್ಲೆಗೆ ಆ ಒಂದು ವಿಷಯದಲ್ಲಿ ಅನುಕೂಲ ಅನ್ನೋಣ.

ಇನ್ನು ಕಲ್ಲಿನ ಮಾತು. ತೆಗೆಯದೆ ಬಿಟ್ಟ ಪಾಚಿಗೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಅದು ಗಟ್ಟಿಯಾಗುತ್ತದೆ. ಒಂದೆರಡು ದಿನದಲ್ಲೇ ಗಟ್ಟಿಯಾಗಲು ಶುರುವಾಗಿ ಹತ್ತು ಹನ್ನೆರಡು ದಿನಗಳಲ್ಲಿ ಗಾರೆ ಕಟ್ಟುತ್ತದೆ. ಕೆಳಗಿನ ಮುಂಬಲ್ಲುಗಳ ಹಿಂಭಾಗದಲ್ಲಿ, ನಾಲಗೆಯ ಕಡೆ, ಎಲ್ಲರಿಗೂ ಮೊದಲು ಕಟ್ಟುವುದು ಅಲ್ಲೇ. ಜೊಲ್ಲಿನ ಗ್ರಂಥಿ ಅಲ್ಲೇ ಬಾಯಿ ತೆರೆಯುವುದರಿಂದ. ಈ ಗಾರೆಯನ್ನು ಗಾಳಿ ಕದಲಿಸುವುದಿಲ್ಲ. ಸೋಡಾ, ಗ್ಲೈಸಿನ್, ಎರಿತ್ರಿಟಾಲ್ ಯಾವುದೂ ಕದಲಿಸುವುದಿಲ್ಲ. ಅದಕ್ಕೆ ನೀವು ಬೇಡ ಅನ್ನುವ ಆ ಕರಕರ ಮಿಷನ್ನೇ, ಅಂದರೆ ಕಂಪನದ ಸ್ಕೇಲರ್, ಇಲ್ಲವೇ ಕೈಯುಪಕರಣವೇ ಆಗಬೇಕು. ಹತ್ತು ವರ್ಷ ಹಲ್ಲಿನ ಡಾಕ್ಟರ ಮುಖ ನೋಡದವರು ಬಂದು ಗಾಳಿ ಮಾತ್ರ ಹೊಡೆಯಿರಿ ಎಂದರೆ, ಹೊಡೆಯಬಹುದು. ಗಾರೆಯ ಮೈ ಮಾತ್ರ ಚೊಕ್ಕಟವಾಗುತ್ತದೆ, ಗಾರೆ ಇದ್ದಲ್ಲೇ ಇರುತ್ತದೆ.

“ಕ್ಲೀನ್ ಮಾಡ್ಸಿದ್ರೆ ಹಲ್ಲು ಅಲ್ಲಾಡ್ತವಂತೆ, ಸಂದಿ ಬೀಳ್ತದಂತೆ” ಎಂಬ ಭಯ ಹೊಳಲ್ಕೆರೆ ಕಡೆಯಿಂದ ಬರುವವರಲ್ಲೂ ಇದೆ, ಹೊಸದುರ್ಗದಿಂದ ಬಸ್ಸು ಹತ್ತಿ ಬರುವವರಲ್ಲೂ ಇದೆ. ಸ್ಕೇಲರ್ ಹಲ್ಲನ್ನು ಸಡಿಲಿಸುವುದಿಲ್ಲ. ಗಾರೆಯಡಿಯ ರೋಗದಿಂದ ಎಲುಬು ಕರಗಿ ಹಲ್ಲು ಆಗಲೇ ಸಡಿಲವಾಗಿರುತ್ತದೆ. ಗಾರೆ ಅದನ್ನು ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ಹಿಡಿದುಕೊಂಡಿರುತ್ತದೆ. ಗಾರೆ ತೆಗೆದಾಗ ಇದ್ದ ಸ್ಥಿತಿ ಕಾಣುತ್ತದೆ, ಸಂದಿಯೂ ಕಾಣುತ್ತದೆ. ಅಪವಾದ ಮಾತ್ರ ಡಾಕ್ಟರ ತಲೆಗೆ.

ಈಗ ನಮ್ಮ ಜಿಲ್ಲೆಯ ಅಸಲಿ ಕಷ್ಟ. ಗಾಳಿ ಹೊಡೆಸಿಕೊಳ್ಳಲು ಬರುವ ಹರೆಯದವರಲ್ಲಿ ಅನೇಕರ ಮುಂಬಲ್ಲುಗಳ ಮೇಲೆ ಸೀಮೆಸುಣ್ಣದಂಥ ಬಿಳಿ ಪಟ್ಟೆ, ಇಲ್ಲವೇ ಕಂದು ಕಲೆ ಇರುತ್ತದೆ. ಮದುವೆ ಮಾತುಕತೆ ನಡೆಯುತ್ತಿರುವ ಹೆಣ್ಣುಮಕ್ಕಳು ಅಮ್ಮನನ್ನು ಕರೆದುಕೊಂಡು ಬರುತ್ತಾರೆ; ನಗುವಾಗ ಕೈಯೋ ಸೆರಗೋ ತುಟಿಗೆ ಬರುತ್ತದೆ. “ದಿನಾ ಎರಡು ಸಲ ಉಜ್ತಾಳೆ ಡಾಕ್ಟ್ರೇ, ಆದ್ರೂ ಹೋಗವಲ್ದು” ಅನ್ನುತ್ತಾರೆ ಅಮ್ಮ. ಉಜ್ಜಿದರೆ ಹೋಗುವುದಿಲ್ಲ ತಾಯಿ, ಅದು ಕೊಳೆಯಲ್ಲ. ಮಗುವಿನ ಎನಾಮಲ್ ದವಡೆಯೊಳಗೆ ತಯಾರಾಗುತ್ತಿದ್ದ ಕಾಲದಲ್ಲಿ, ಅಂದರೆ ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರ ಗುರುತು ಅದು. ಹಲ್ಲು ಮೂಡುವಾಗಲೇ ಒಳಗಿನಿಂದ ತಂದುಕೊಂಡದ್ದು. ಫ್ಲೋರೋಸಿಸ್ ಎಂದು ಅದರ ಹೆಸರು.

ಲೀಟರು ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಕಲ್ಲುನೆಲದ ಆಳದ ಕೊಳವೆಬಾವಿಗಳಲ್ಲಿ, ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಗಂತೂ, ಈ ಮಿತಿ ದಾಟಿದ ನೀರು ಸಾಮಾನ್ಯ. ಈ ಕಂದು ಹಲ್ಲನ್ನು ಮೊದಲು ಬೆನ್ನು ಹತ್ತಿದವರು ಅಮೆರಿಕದ ಕೊಲರಾಡೊದಲ್ಲಿ 1901ರಲ್ಲಿ ಪ್ರಾಕ್ಟೀಸಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು. ಕಾರಣ ಫ್ಲೋರೈಡ್ ಎಂದು ಗೊತ್ತಾಗಲು 1931 ಬರಬೇಕಾಯಿತು. ನಮ್ಮ ದೇಶದಲ್ಲಿ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಇದರ ಮೊದಲ ವರದಿ ಬಂತು. 2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ 89 ವರ್ಷಗಳ ಮೇಲೆ ಕೋಡಿ ಬಿದ್ದಾಗ ಹಿರಿಯೂರಿನ ಸಂಭ್ರಮ ನೋಡಬೇಕಿತ್ತು. ತೋಟದವರ ಖುಷಿಗೆ ಅವರದೇ ಕಾರಣ. ನಮ್ಮಂಥ ಹಲ್ಲಿನವರ ಖುಷಿಗೆ ಬೇರೆ ಕಾರಣ: ಕೆರೆ, ಜಲಾಶಯದ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸುತ್ತೀರಲ್ಲ, ಮನೆಯಲ್ಲಿ ಎಂಟು ವರ್ಷದೊಳಗಿನ ಮಗುವಿದ್ದರೆ ಆ ನೀರನ್ನು ಕುಡಿಯಲಿಕ್ಕಷ್ಟೇ ಅಲ್ಲ, ಅಡುಗೆಗೂ ಹಾಕಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ.

ಇಂಥ ಹಲ್ಲಿಗೆ ಗಾಳಿ ಹೊಡೆದರೆ? ತೀವ್ರವಾದ ಫ್ಲೋರೋಸಿಸ್‌ನಲ್ಲಿ ಎನಾಮಲ್ ಮೇಲೆ ಸಣ್ಣ ಸಣ್ಣ ಹೊಂಡ ಬಿದ್ದಿರುತ್ತವೆ. ಅವುಗಳಲ್ಲಿ ಕೂತ ಪಾಚಿ, ಚಹಾದ ಬಣ್ಣ ಒಂದಿಷ್ಟು ಹೋಗುತ್ತದೆ, ಹಲ್ಲು ಸ್ವಲ್ಪ ತಿಳಿಯಾಗಿ ಕಾಣುತ್ತದೆ. ಒಳಗಿನ ಬಿಳಿ ಪಟ್ಟೆ, ಒಳಗಿನ ಕಂದು ಎರಡೂ ಹಾಗೇ ಉಳಿಯುತ್ತವೆ. ಅವಕ್ಕೆ ಬೇರೆ ಚಿಕಿತ್ಸೆಗಳಿವೆ: ಆಮ್ಲ ಬೆರೆತ ಪೇಸ್ಟಿನಿಂದ ಎನಾಮಲ್‌ನ ಮೇಲ್ಪದರವನ್ನು ತೀರಾ ತೆಳ್ಳಗೆ ಉಜ್ಜುವುದು, ಬ್ಲೀಚಿಂಗ್, ರೆಸಿನ್ ಇಳಿಸುವುದು, ಕಡೆಗೆ ವೆನೀರ್ ಎಂಬ ತೆಳು ಹೊದಿಕೆ ಅಂಟಿಸುವುದು. ಚಿತ್ರದುರ್ಗದ ಎಸ್.ಜೆ.ಎಂ. ದಂತ ಮಹಾವಿದ್ಯಾಲಯದಂಥ, ದಾವಣಗೆರೆಯ ಎರಡು ದಂತ ಕಾಲೇಜುಗಳಂಥ ಬೋಧನಾ ಆಸ್ಪತ್ರೆಗಳಿಗೆ ಹೋದರೆ ಹಲ್ಲಿಗೆ ಯಾವುದು ತಕ್ಕದ್ದು ಎಂದು ನೋಡಿ ಹೇಳುತ್ತಾರೆ. ಫ್ಲೋರೈಡ್ ಕಲೆಗೆ ಗಾಳಿ ಯಂತ್ರದ ಆಸೆ ತೋರಿಸಿ ಹಣ ತೆಗೆದುಕೊಳ್ಳುವುದು ನನ್ನ ಮಟ್ಟಿಗೆ ಸರಿಯಾದ ಕೆಲಸವಲ್ಲ.

ಇದಕ್ಕೆ ತದ್ವಿರುದ್ಧ ಅಡಿಕೆಯ ಕರೆ. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರ ಎಂದರೆ ಅಡಿಕೆ ತೋಟ. ಊಟ ಆದ ಮೇಲೆ ಎಲೆಅಡಿಕೆ ಕೊಡದೆ ಕಳಿಸಿದರೆ ಮರ್ಯಾದೆ ಹೋಯಿತು ಅನ್ನುವ ಸೀಮೆ. ಎಲೆ, ಅಡಿಕೆ, ಸುಣ್ಣ ಸೇರಿ ವರ್ಷಗಟ್ಟಲೆ ಹಿಡಿದ ಕೆಂಗಪ್ಪು ಕರೆಯ ಮೇಲೆ ಗಾಳಿ ಹೊಡೆಯುವುದು ನೋಡಲು ಚೆನ್ನ. ಸ್ಕೇಲರಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೆರೆಯಬೇಕಾದದ್ದು ಇಲ್ಲಿ ಗುಡಿಸಿದಂತೆ ಹೋಗುತ್ತದೆ. ಆದರೆ ಹಲ್ಲು ಬೆಳ್ಳಗಾದ ಮೇಲೆ ನಾನು ಕನ್ನಡಿ ಹಿಡಿಯುವುದು ಹಲ್ಲಿಗಲ್ಲ, ಕೆನ್ನೆಯ ಒಳಮೈಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಬೆರೆಸದ ಬರೀ ಅಡಿಕೆಯನ್ನೇ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರಿಗೆ ಈ ಮಾತು ಹಿತವಲ್ಲ, ನನಗೆ ಗೊತ್ತು; ಅದರ ಮೇಲೆ ವಾದವೂ ನಡೆದಿದೆ. ಆದರೆ ಬಾಯಿ ಬಿಗಿದುಕೊಂಡು ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಲಾಗದವರನ್ನು, ಖಾರ ತಿಂದರೆ ಬಾಯೆಲ್ಲ ಉರಿ ಅನ್ನುವವರನ್ನು ಕುರ್ಚಿಯ ಮೇಲೆ ಕೂರಿಸಿಕೊಂಡವರಿಗೆ ವಾದ ಮಾಡಲು ಮನಸ್ಸು ಬರುವುದಿಲ್ಲ. ಕರೆ ತೆಗೆಸಲು ಬಂದವರು ಕೆನ್ನೆಯ ಒಳಮೈಯ ಪರೀಕ್ಷೆಯನ್ನೂ ಮಾಡಿಸಿಕೊಂಡು ಹೋಗಲಿ.

ಮನೆಯ ಪುಡಿಗಳ ಬಗ್ಗೆ ಕೇಳುವವರಿದ್ದಾರೆ: ಆಸ್ಪತ್ರೆಯಲ್ಲಿ ಹೊಡೆಯುವುದೂ ಸೋಡಾ ಪುಡಿಯೇ ಆದರೆ ಮನೆಯಲ್ಲಿ ನಾವೇ ತಿಕ್ಕಿಕೊಂಡರೇನು? ಯಂತ್ರದಲ್ಲಿ ಪುಡಿಯ ಕಣದ ಗಾತ್ರ, ಗಾಳಿಯ ಒತ್ತಡ, ನೀರು ಎಲ್ಲಕ್ಕೂ ಲೆಕ್ಕವಿದೆ, ಒಂದು ಹಲ್ಲಿನ ಮೇಲೆ ಅದು ಇರುವುದು ಕೆಲವೇ ಸೆಕೆಂಡು. ಬೆರಳಿನಲ್ಲಿ ಒತ್ತಿ ದಿನವೂ ತಿಕ್ಕುವುದಕ್ಕೆ ಲೆಕ್ಕವೆಲ್ಲಿ? ನಂಜನಗೂಡು ಹಲ್ಲುಪುಡಿಯ ಪೊಟ್ಟಣ ಕಂಡು ಬೆಳೆದವನು ನಾನೂ. ಹಲ್ಲುಪುಡಿಯನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಇದ್ದಿಲು, ಬೂದಿ, ಇಟ್ಟಿಗೆ ಪುಡಿಗಳಲ್ಲಿ ಎನಾಮಲ್‌ಗಿಂತ ಗಡಸಾದ ಮರಳಿನ ಕಣಗಳಿರುತ್ತವೆ. ವರ್ಷಗಟ್ಟಲೆ ಅವುಗಳಲ್ಲಿ ಉಜ್ಜಿದ ಅಜ್ಜಂದಿರ ಕೋರೆಹಲ್ಲಿನ ಬುಡದಲ್ಲಿ ಕೊಡಲಿ ಏಟು ಬಿದ್ದಂಥ ಕಚ್ಚು ಕಾಣುತ್ತದೆ. ಬೇವಿನ ಕಡ್ಡಿಯನ್ನು ಚೆನ್ನಾಗಿ ಜಗಿದು ನಾರು ಮಾಡಿಕೊಂಡು ಉಜ್ಜುವವರಿಗೆ ನನ್ನ ತಕರಾರಿಲ್ಲ; ಹಲ್ಲಿನ ಒಳಬದಿಗೂ ಅದನ್ನು ತಾಕಿಸಿ ಎನ್ನುತ್ತೇನೆ, ಅಷ್ಟೇ.

ಗಾಳಿ ಯಂತ್ರ ಎಲ್ಲರಿಗೂ ಅಲ್ಲ. ಬಿ.ಪಿ., ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ಉಪ್ಪು ಬಿಟ್ಟವರು ಕುರ್ಚಿ ಹತ್ತುವ ಮೊದಲೇ ಅದನ್ನು ಹೇಳಬೇಕು. ಅಂಥವರಿಗೆ ಸೋಡಾ ಬಳಸುವುದಿಲ್ಲ. ಉಬ್ಬಸ ಇರುವವರಿಗೆ ಯಾವ ಪುಡಿಯ ತುಂತುರೂ ಒಳ್ಳೆಯದಲ್ಲ. ಕಣ್ಣಿಗೆ ಲೆನ್ಸ್ ಹಾಕುವವರು ತೆಗೆದಿಟ್ಟು ಬನ್ನಿ. ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ಮುಂಬಲ್ಲಿನಲ್ಲಿ ಹಾಕಿಸಿಕೊಂಡಿದ್ದರೆ ತಿಳಿಸಿ, ಸೋಡಾ ಅದರ ನಯವನ್ನು ಕೆಡಿಸುತ್ತದೆ. ತುಂತುರು ಕೋಣೆಯ ತುಂಬ ಹರಡುವುದರಿಂದ ಜೊಲ್ಲು ಹೀರುವ ಕೊಳವೆ ಜೋರಾಗಿರಬೇಕು, ಡಾಕ್ಟರು ಮುಖಗವಸು ಹಾಕಿರಬೇಕು. ಕೊರೋನಾ ಕಾಲದಲ್ಲಿ ಈ ಯಂತ್ರಗಳನ್ನು ಮೂಲೆಗಿಟ್ಟದ್ದು ಇದೇ ಕಾರಣಕ್ಕೆ.

ಎಷ್ಟು ತಿಂಗಳಿಗೊಮ್ಮೆ ಮಾಡಿಸಬೇಕು? ಆರು ತಿಂಗಳಿಗೊಮ್ಮೆ ಎಂದು ಗೋಡೆಯ ಮೇಲೆ ಬರೆದಿರುವುದನ್ನು ನೋಡಿದ್ದೀರಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಇದನ್ನೇ ಪರಿಶೀಲಿಸಿತು. ಬ್ರಿಟನ್ನಿನ ಎರಡು ಅಧ್ಯಯನ, ಒಟ್ಟು 1711 ಮಂದಿ. ವಸಡಿನ ತೀವ್ರ ರೋಗವಿಲ್ಲದೆ, ಆಗಾಗ ಡಾಕ್ಟರಿಗೆ ಹಲ್ಲು ತೋರಿಸಿಕೊಳ್ಳುತ್ತಿದ್ದ ವಯಸ್ಕರಲ್ಲಿ ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಿದವರಿಗೂ ನಿಗದಿಯಾಗಿ ಮಾಡಿಸದವರಿಗೂ ಎರಡು ಮೂರು ವರ್ಷಗಳಲ್ಲಿ ವಸಡಿನ ಊತದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ನನ್ನಂಥವರ ಹೊಟ್ಟೆಪಾಡಿಗೆ ಹಿತವಾದ ಸುದ್ದಿಯಲ್ಲ. ಆದರೆ ಲೆಕ್ಕ ಸರಳ: ಯಂತ್ರ ಎಷ್ಟೇ ಚೊಕ್ಕ ಮಾಡಲಿ, ಹಲ್ಲು ಒಣಗುವ ಮೊದಲೇ ಜೊಲ್ಲಿನ ತೆಳುಪದರ ಮತ್ತೆ ಕೂರತೊಡಗುತ್ತದೆ, ಕೆಲವೇ ಗಂಟೆಗಳಲ್ಲಿ ಜೀವಾಣುಗಳು ಅದರ ಮೇಲೆ ಬೀಡುಬಿಡುತ್ತವೆ. ಮರುದಿನದ ಪಾಚಿ ಬ್ರಷ್ಷಿನ ಪಾಲಿನದು.

ಹಾಗೆಂದು ಎಲ್ಲರಿಗೂ ಒಂದೇ ಲೆಕ್ಕವಲ್ಲ. ಸಕ್ಕರೆ ಕಾಯಿಲೆ ಇರುವವರು, ವಸಡಿನ ರೋಗಕ್ಕೆ ಒಮ್ಮೆ ಚಿಕಿತ್ಸೆ ಪಡೆದವರು, ಇಂಪ್ಲಾಂಟ್ ಇರುವವರು ಮೂರು ನಾಲ್ಕು ತಿಂಗಳಿಗೊಮ್ಮೆ ಬಂದು ವಸಡಿನ ಒಳಗನ್ನು ತೋರಿಸಿಕೊಳ್ಳಬೇಕು. ನುಣುಪು ಪುಡಿಯ ಗಾಳಿ ಹೆಚ್ಚು ಬೆಲೆಬಾಳುವುದು ಇವರಿಗೇ. ಗಾರೆಯನ್ನು ಒಮ್ಮೆ ಪೂರ್ತಿ ತೆಗೆದ ಮೇಲೆ, ಪ್ರತಿ ಸಲ ಬೇರನ್ನು ಕೆರೆಯುವ ಬದಲು, ಹೊಸ ಪಾಚಿಯನ್ನು ನೋವಿಲ್ಲದೆ ತೆಗೆಯಬಹುದು. ಕ್ಲಿಪ್ ಹಾಕಿದ ಮಕ್ಕಳು ತಂತಿ ಬಿಗಿ ಮಾಡಿಸಲು ಹೇಗೂ ತಿಂಗಳಿಗೊಮ್ಮೆ ಬರುತ್ತಾರೆ, ಅವರಿಗೆ ಆಗಲೇ ಹೊಡೆದು ಕಳಿಸಬಹುದು.

ಗಾಳಿ ಹೊಡೆಸಿಕೊಂಡ ದಿನ ವಸಡು ಸ್ವಲ್ಪ ಉರಿಯಬಹುದು, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಹಲ್ಲಿನ ಮೇಲಿನ ಜೊಲ್ಲಿನ ತೆಳುಪದರವೆಲ್ಲ ಹೋಗಿ ಬಣ್ಣ ಬೇಗ ಹಿಡಿಯುವುದರಿಂದ ಕೆಲವು ಗಂಟೆ ಕಾಫಿ, ಚಹಾ, ಎಲೆಅಡಿಕೆ ಬೇಡ. ರಾತ್ರಿ ಊಟ ಆದ ಮೇಲೆ ಮಾಮೂಲಿನಂತೆ ಬ್ರಷ್ ಮಾಡಿ ಮಲಗಿ.